ಹಂಚಿನ ಮೇಲೆ ಮೈಬಣ್ಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರನೇ ಇಯತ್ತೆಯಲ್ಲಿದ್ದಾಗ ನಾನು ನಮ್ಮ ಅಕ್ಕನ ಇಪ್ಪತ್ನಾಲ್ಕು ಬಣ್ಣದ ಪೆನ್ಸಿಲ್ಲುಗಳನ್ನು ರೊಟ್ಟಿ ಹಂಚಿನ ಮೇಲಿಟ್ಟು ಬೇಯಿಸಿದೆ. ಆಟಕ್ಕಲ್ಲ, ಹೊಟ್ಟೆಕಿಚ್ಚಿಗಲ್ಲ. ಪೂರ್ತಿ ಎಚ್ಚರದಲ್ಲಿ, ಅತ್ಯಂತ ಒಳ್ಳೆಯ ಉದ್ದೇಶದಿಂದ, ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ, ಒಂದೊಂದನ್ನೂ ಹೊರಳಿಸಿ, ಎಲ್ಲ ಮಗ್ಗುಲೂ ಸಮನಾಗಿ ಬೇಯುವಂತೆ ನೋಡಿಕೊಂಡು ಬೇಯಿಸಿದೆ. ಈಗ ಧಾರವಾಡದ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಾನು ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಯಾವ ಪದಾರ್ಥ ಶಾಖಕ್ಕೆ ಹೇಗೆ ವರ್ತಿಸುತ್ತದೆ ಎಂಬ ಪಾಠ ಬಂದ ದಿನ ಭಾರೀ ಗಂಭೀರ ಮುಖ ಮಾಡಿಕೊಂಡು ಬೋರ್ಡಿನ ಕಡೆ ತಿರುಗಿ ನಿಲ್ಲುತ್ತೇನೆ. ಹುಡುಗರು ಸರ್ ವಿಚಾರ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಸರ್ ಮೂಗಿಗೆ ಸುಟ್ಟ ಪೆನ್ಸಿಲ್ ವಾಸನೆ ಬರುತ್ತಿರುತ್ತದೆ, ಅಷ್ಟೇ.

ನಮ್ಮದು ಎರಡೇ ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಗೋಡೆಗೆ ಬುದ್ಧನ ಚಿತ್ರ, ಅದರ ಕೆಳಗೆ ಹುಣ್ಣಿಮೆಗೊಮ್ಮೆ ಮೇಣದಬತ್ತಿ ಹಚ್ಚುವ ಹಿತ್ತಾಳೆ ತಟ್ಟೆ, ಪಕ್ಕದ ಗೂಟಕ್ಕೆ ಅಪ್ಪನ ಆಫೀಸಿನ ಅಂಗಿ. ಅಪ್ಪ ಸರ್ಕಾರಿ ಗುಮಾಸ್ತ. ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತಿತ್ತು, ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಕಡತದಲ್ಲಿ ತಪ್ಪು ಕಂಡರೆ ಕೆಂಪು, ಸರಿ ಇದ್ದರೆ ನೀಲಿ. ನೀಲಿ ತುದಿ ಕೊಂಡ ದಿನದಂತೆಯೇ ಉದ್ದ ಉಳಿದಿರುತ್ತಿತ್ತು, ಕೆಂಪು ಸವೆದು ಸವೆದು ಮೋಟಾಗಿರುತ್ತಿತ್ತು. ಸರ್ಕಾರದ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಆ ಒಂದು ಪೆನ್ಸಿಲ್ಲಿನಿಂದ ಬಂದದ್ದು. ಒಳಗಿನ ಕೋಣೆ ಆಯಿಯ ರಾಜ್ಯ. ಆಯಿ ಅಂದರೆ ಅವ್ವನ ಅವ್ವ. ಉಪ್ಪಿನಬೆಟಗೇರಿಯಿಂದ ಒಂದು ವಾರ ಇದ್ದು ಹೋಗಲು ಬಂದವಳು, ನಾನು ಹುಟ್ಟುವ ಮೊದಲೇ ಶುರುವಾದ ಆ ವಾರ ಇನ್ನೂ ಮುಗಿದಿರಲಿಲ್ಲ. ಅವ್ವ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಊರಿನ ಅರ್ಧ ಮಂದಿ ಅವಳನ್ನು ಕಂಡರೆ ನಮಸ್ಕಾರ ಮಾಡುತ್ತಿದ್ದರು, ಉಳಿದರ್ಧ ಮಂದಿ ತೋಳು ಮುಚ್ಚಿಕೊಳ್ಳುತ್ತಿದ್ದರು. ಅಕ್ಕ ಸುಜಾತಾ ಎಂಟನೇ ಇಯತ್ತೆ. ಅವಳ ಕೈಗೆ ಇದ್ದಿಲು ಸಿಕ್ಕರೂ ಸಾಕು, ಗೋಡೆ ಮೇಲೆ ಬೆಕ್ಕು ಓಡುತ್ತಿತ್ತು. ನಾನು ಆನಂದ, ಮನೆಯವರ ಬಾಯಲ್ಲಿ ಆನಂದ್ಯಾ. ನನ್ನ ಕೈಗೆ ಏನು ಸಿಕ್ಕರೂ ಅದು ಮುರಿಯುತ್ತಿತ್ತು.

ಭಾನುವಾರ ಅವ್ವನಿಗೆ ರಜೆ, ಅಂದರೆ ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡುವ ದಿನ. ಮುಂಜಾನೆಯಿಂದಲೇ ರೊಟ್ಟಿ ಬಡಿಯುವ ಸದ್ದು. ಬೆಂದ ಜೋಳದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಮತ್ತೆ ಹಂಚಿಗೆ ಹಾಕಿ, ಬಟ್ಟೆಯ ಉಂಡೆಯಿಂದ ಒತ್ತುತ್ತ ಹೋದರೆ ಅದರ ಮೆತ್ತಗಿನ ಸ್ವಭಾವವೆಲ್ಲ ಹೋಗಿ ಹಪ್ಪಳದಂತೆ ಗರಿಗರಿಯಾಗುತ್ತದೆ. ಆಯಿ ಪಕ್ಕದಲ್ಲಿ ಕೂತು ತತ್ವಶಾಸ್ತ್ರ ಹೇಳುತ್ತಿದ್ದಳು.

“ಮೆತ್ತಗಿದ್ದದ್ದು ಬೂಸರ ಹಿಡಿತೈತಿ. ಬೆಂಕಿ ಕಂಡಿದ್ದು ಕಡಕ್ ಆಗಿ ತಿಂಗಳಾನಗಟ್ಲೆ ಬಾಳತೈತಿ. ರೊಟ್ಟಿನೂ ಅಷ್ಟ, ಮನಿಶ್ಯಾನೂ ಅಷ್ಟ.”

ಇದು ನನ್ನ ತಲೆಯಲ್ಲಿ ಕೂತ ಮೊದಲ ವಿಜ್ಞಾನ. ಎರಡನೆಯದನ್ನು ಕೂರಿಸಿದವನು ಅಪ್ಪ. ಒಂದು ಸಂಜೆ ನನ್ನ ಪೆನ್ಸಿಲ್ ಕೆತ್ತಿಕೊಡುತ್ತ ಅವನು ಹೇಳಿದ್ದ:

“ಇದಕ್ಕ ಮಂದಿ ಸೀಸದಕಡ್ಡಿ ಅಂತಾರ. ಒಳಗ ಸೀಸ ಒಂದ ಕಣಾನೂ ಇಲ್ಲ. ಹಿಂದಕಿನ ಮಂದಿ ನೆಲದಾಗಿನ ಕರೀ ಪುಡಿ ಕಂಡು ಸೀಸ ಅಂದ್ಕೊಂಡ್ರು, ಹೆಸರು ಹಂಗ ಉಳೀತು. ಆ ಪುಡಿಗೆ ಮಣ್ಣ ಕಲಸಿ, ಶಾವಿಗಿ ಹಂಗ ಎಳದು, ಕುಂಬಾರ ಗಡಿಗಿ ಸುಟ್ಟಂಗ ಭಟ್ಟ್ಯಾಗ ಸುಡ್ತಾರ. ಅದಕ್ಕ ಅದು ಗಟ್ಟಿ.”

ಅಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅವನು ಹೇಳಿದ್ದು ಕಪ್ಪು ಪೆನ್ಸಿಲ್ಲಿನ ಸಂಗತಿ. ಬಣ್ಣದ ಪೆನ್ಸಿಲ್ ಬೇರೆ ಜಾತಿಯದು, ಅದರ ಹೊಟ್ಟೆಯಲ್ಲಿರುವುದು ಮೇಣ, ಬಿಳಿಮಣ್ಣು, ಒಂದಿಷ್ಟು ಅಂಟು, ಚಿಟಿಕೆ ಬಣ್ಣದ ಪುಡಿ, ಅದನ್ನು ಭಟ್ಟಿಯ ಹತ್ತಿರವೂ ಒಯ್ಯುವುದಿಲ್ಲ, ನೆರಳಲ್ಲಿ ಆರಿಸುತ್ತಾರೆ ಎಂದು ಇನ್ನೆರಡು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮಕ್ಕಳಿಗೆ ಅರ್ಧ ಸತ್ಯ ಹೇಳಿ ಪೇಪರ್ ಓದಲು ಎದ್ದು ಹೋಗುವ ಹಿರಿಯರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಬಡಿಗೆಯ ಏಟು ಪೂರ್ತಿ ಸತ್ಯ ತಿಳಿಯದ ಮಕ್ಕಳ ಬೆನ್ನಿಗೇ ಬೀಳುತ್ತದೆ.

ಇನ್ನು ದೊಡ್ಡ ಸಿಟ್ಟಿನ ವಿಷಯ. ಆ ವರ್ಷ ಶಾಲೆಗಳ ನಡುವೆ ಚಿತ್ರ ಸ್ಪರ್ಧೆ ಇತ್ತು, ವಿಷಯ ‘ನಮ್ಮ ಮನೆ’. ಒಂದು ಶಾಲೆಯಿಂದ ಒಂದೇ ಚಿತ್ರ. ನಾವಿಬ್ಬರೂ ಓದುತ್ತಿದ್ದ ಶಾಲೆಯ ಡ್ರಾಯಿಂಗ್ ಸರ್ ಅಕ್ಕನ ಚಿತ್ರವನ್ನೇ ಆರಿಸಿದ್ದರು. ಅವ್ವ ಕಿಟಕಿಯ ಪಕ್ಕ ಕೂತು ರೊಟ್ಟಿ ಬಡಿಯುವ ಚಿತ್ರ. ಆಸ್ಪತ್ರೆಯ ಕೈಗಡಿಯಾರವನ್ನು ಕಳಚದೆ ಮೊಣಕೈವರೆಗೆ ಏರಿಸಿಕೊಂಡದ್ದನ್ನೂ ಅಕ್ಕ ಬಿಟ್ಟಿರಲಿಲ್ಲ. ಅವ್ವನ ಮುಖಕ್ಕೆ, ಕೈಗೆ ಕಂದು ಹಚ್ಚಿದ್ದಳು. ಅವ್ವ ಕಂದು ಇದ್ದಳು, ಅದಕ್ಕೆ. ಸರ್ ಆ ಮುಖದ ಸುತ್ತ ಕೆಂಪು ಪೆನ್ಸಿಲ್ಲಿನಿಂದ ಒಂದು ದುಂಡು ಹಾಕಿ ಪಕ್ಕದಲ್ಲಿ ‘ಮೈಬಣ್ಣ ತಪ್ಪು’ ಎಂದು ಬರೆದು, ಶಾಲೆಯ ಶಿಕ್ಕಾ ಒತ್ತಿದ ಒಂದೇ ಒಂದು ದಪ್ಪ ಹಾಳೆ ಕೊಟ್ಟು, ಸೋಮವಾರದೊಳಗೆ ತಿದ್ದಿ ತಾ, ಇಲ್ಲವಾದರೆ ಬೇರೆಯವರ ಚಿತ್ರ ಕಳಿಸುತ್ತೇನೆ ಎಂದಿದ್ದರು. ಬಣ್ಣದ ಪೆನ್ಸಿಲ್ ಮೊದಮೊದಲು ಬಳಕೆಗೆ ಬಂದದ್ದು ಚಿತ್ರ ಬರೆಯಲಿಕ್ಕಲ್ಲವಂತೆ, ಕಾಗದದ ಮೇಲೆ ಗುರುತು ಹಾಕಲಿಕ್ಕಂತೆ. ಎಲ್ಲೋ ಓದಿದೆ. ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಅವ್ವನ ಮುಖದ ಸುತ್ತ ಆ ದುಂಡು ನೋಡಿದವನಿಗೆ ಇದನ್ನು ಬೇರೆ ಓದಿ ತಿಳಿಯಬೇಕೆ?

‘ಮೈಬಣ್ಣ’ ಎಂಬುದು ಒಂದು ಪೆನ್ಸಿಲ್ಲಿನ ಹೆಸರು. ಹುಡುಗರ ಬಾಯಲ್ಲಿ ‘ಸ್ಕಿನ್ ಕಲರ್’. ಹನ್ನೆರಡರ ಪೆಟ್ಟಿಗೆಯಲ್ಲಿ ಅದು ಇರುವುದಿಲ್ಲ, ಅಂದರೆ ಬಡವರ ಪೆಟ್ಟಿಗೆಗೆ ಮೈಯೇ ಇಲ್ಲ. ಅಪ್ಪ ಹುಬ್ಬಳ್ಳಿಗೆ ಹೋದವನು ಅಕ್ಕನ ಹಟಕ್ಕೆ ಇಪ್ಪತ್ನಾಲ್ಕರ ಪೆಟ್ಟಿಗೆ ತಂದ. ಯಾಕೆ ಬೇಕೆಂದು ಅವಳು ಹೇಳಲಿಲ್ಲ, ಕೆಂಪು ದುಂಡಿನ ಚಿತ್ರವನ್ನು ಚಾಪೆಯ ಕೆಳಗೆ ಬಚ್ಚಿಟ್ಟಳು. ನನಗೆ ಮಾತ್ರ ತೋರಿಸಿ, ಅವ್ವನಿಗೆ ಹೇಳಿದರೆ ಕಿವಿ ಕಿತ್ತು ಕೈಗೆ ಕೊಡುವುದಾಗಿ ಮಾತು ಕೊಟ್ಟಳು. ಹೊಸ ಪೆಟ್ಟಿಗೆ ತೆರೆದು ಆ ಪೆನ್ಸಿಲ್ ನೋಡಿದೆವು. ಕಡಲೆಹಿಟ್ಟಿನಲ್ಲಿ ಚಿಟಿಕೆ ಗುಲಾಲು ಬಿದ್ದಂಥ ಬಣ್ಣ. ಆಯಿ ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತೀರ್ಪು ಕೊಟ್ಟಳು.

“ಇದು ಇಲಿಮರಿ ಬಣ್ಣಬೇ. ಕಣ್ಣ ಬಿಡೂಕಿಂತ ಮೊದಲಿಂದು.”

ಆ ಪೆನ್ಸಿಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ಮೇಣಕ್ಕೇನು ಗೊತ್ತು ತಾನು ಯಾರ ಮೈ ಎಂದು? ಸಿಟ್ಟಿರುವುದು ಅದಕ್ಕೆ ಹೆಸರಿಟ್ಟವರ ಮೇಲೆ, ಆ ಹೆಸರನ್ನು ಬಾಯಿಪಾಠ ಮಾಡಿ ಹಂಚಿದವರ ಮೇಲೆ. ಸೀಸವಿಲ್ಲದ ಕಡ್ಡಿಗೆ ಸೀಸದಕಡ್ಡಿ ಅಂದರೆ ಯಾರ ತಲೆಯೂ ತಗ್ಗುವುದಿಲ್ಲ. ಇಲಿಮರಿಗೆ ಮೈಬಣ್ಣ ಎಂದು ಹೆಸರಿಟ್ಟರೆ ಒಂದು ಇಡೀ ತರಗತಿಯ ಹುಡುಗರು ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ಕೂರುತ್ತಾರೆ. ನಮ್ಮ ತರಗತಿಯಲ್ಲಿ ಎಲ್ಲರೂ ತಮ್ಮ ತಮ್ಮ ಅವ್ವಂದಿರನ್ನು ಇಲಿಮರಿ ಮಾಡಿ ನೂರಕ್ಕೆ ತೊಂಬತ್ತು ತೆಗೆದುಕೊಳ್ಳುತ್ತಿದ್ದರು. ನಾನೂ ತೆಗೆದುಕೊಂಡಿದ್ದೇನೆ, ಪಕ್ಕದವನ ಪೆನ್ಸಿಲ್ ಕಸಿದು. ಅದನ್ನೂ ಇಲ್ಲೇ ಒಪ್ಪಿಕೊಂಡೆ.

ಭಾನುವಾರ ಮುಂಜಾನೆ ಅಕ್ಕ ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಶಿಕ್ಕಾದ ಹಾಳೆ ಮುಂದಿಟ್ಟುಕೊಂಡು ಕೂತಳು. ಯಾರೂ ಬಗ್ಗಿ ನೋಡಕೂಡದು. ಒಳಗೆ ರೊಟ್ಟಿ ಬಡಿಯುವ ಸದ್ದು, ಹೊರಗೆ ಅಪ್ಪ ಸೈಕಲ್ ಒರೆಸುವ ಸದ್ದು. ಬಣ್ಣದ ಪೆನ್ಸಿಲ್ಲಿನದೊಂದು ಹಲ್ಕಟ್ ಗುಣವಿದೆ, ಒಮ್ಮೆ ನೆಲಕ್ಕೆ ಬಿದ್ದರೆ ಹೊರಗಿನ ಕಟ್ಟಿಗೆಗೆ ಏನೂ ಆಗುವುದಿಲ್ಲ, ಒಳಗಿನ ಕಡ್ಡಿ ನಾಲ್ಕು ಕಡೆ ಮುರಿದಿರುತ್ತದೆ, ಕೆತ್ತಿದಷ್ಟೂ ತುದಿ ಉದುರುತ್ತದೆ. ಮೈಬಣ್ಣದ ಪೆನ್ಸಿಲ್ಲನ್ನು ಹಿಂದಿನ ದಿನ ಬೀಳಿಸಿದ್ದವನು ಯಾರು ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಕಟ್ ಎಂದು ಸದ್ದಾಯಿತು. ಕೆತ್ತಿದಳು. ಮತ್ತೆ ಕಟ್. ಮೂರನೇ ಸಲ ಕಟ್ ಎಂದಾಗ ಅಕ್ಕ ಹಾಳೆಯನ್ನು ಬೋರಲು ಹಾಕಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ ಭುಜ ಕುಣಿಸುತ್ತ ಅತ್ತಳು. ಆಮೇಲೆ ಎದ್ದು ಮುಖ ತೊಳೆಯಲು ಹಿತ್ತಲಿಗೆ ಹೋದಳು.

ಅಳುವವಳನ್ನು ನೋಡಿ ನನ್ನ ತಲೆಯಲ್ಲಿದ್ದ ಎರಡು ವಿಜ್ಞಾನಗಳು ಒಂದಕ್ಕೊಂದು ಕೈ ಹಿಡಿದುಕೊಂಡವು. ಕಡ್ಡಿ ಮುರಿಯುತ್ತಿದೆ, ಯಾಕೆಂದರೆ ಮೆತ್ತಗಿದೆ. ಮೆತ್ತಗಿದೆ, ಯಾಕೆಂದರೆ ಕಾರ್ಖಾನೆಯವರು ಸರಿಯಾಗಿ ಸುಟ್ಟಿಲ್ಲ. ಸುಡಲು ಹಂಚಿದೆ. ಅವ್ವ ಕೊನೆಯ ಬುಟ್ಟಿ ರೊಟ್ಟಿ ಹರವಲು ಅಂಗಳಕ್ಕೆ ಹೋಗಿದ್ದಳು, ಆಯಿ ಗೋಡೆಗೊರಗಿ ತೂಕಡಿಸುತ್ತಿದ್ದಳು, ಸಣ್ಣ ಉರಿ ಇನ್ನೂ ಇತ್ತು. ಮೊದಲು ಮೈಬಣ್ಣದ್ದೊಂದನ್ನೇ ಇಟ್ಟೆ. ಆಮೇಲೆ, ಮಾಡುವ ಉಪಕಾರವನ್ನು ಅರ್ಧಂಬರ್ಧ ಮಾಡಬಾರದು ಅನ್ನಿಸಿ, ಉಳಿದ ಇಪ್ಪತ್ಮೂರನ್ನೂ ಸಾಲಾಗಿ ಮಲಗಿಸಿದೆ. ಬಟ್ಟೆಯ ಉಂಡೆ ತೆಗೆದುಕೊಂಡು ಅವ್ವನಂತೆಯೇ ಒತ್ತಿದೆ. ಮೊದಲು ಮೇಲಿನ ಬಣ್ಣ ಗುಳ್ಳೆ ಎದ್ದಿತು. ಕಡಕ್ ಆಗುತ್ತಿದೆ ಅಂದುಕೊಂಡೆ. ಆಮೇಲೆ ತುದಿಗಳಿಂದ ಹನಿ ಹನಿ ಇಳಿಯತೊಡಗಿತು, ಕೆಂಪು, ಹಳದಿ, ಹಸಿರು, ನೇರಳೆ. ನೀರಿನಂಶ ಹೋಗುತ್ತಿದೆ ಅಂದುಕೊಂಡೆ. ಇನ್ನಷ್ಟು ಒತ್ತಿದೆ. ಎಲ್ಲ ಹರಿದು ನಡುವೆ ಕೂಡಿ ಒಂದು ಕೆರೆಯಾಯಿತು. ಹೊಗೆ ಎದ್ದಿತು. ಆಯಿ ಕಣ್ಣು ಬಿಡದೆಯೇ ಮೂಗು ಎತ್ತಿ ಕೇಳಿದಳು:

“ಇವತ್ತ ಹುಣ್ಣಿವಿ ಏನಬೇ? ಯಾರ ಹಚ್ಚಿದ್ರು ಮ್ಯಾಣದಬತ್ತಿ?”

ಆಗ ನನಗೆ ಮೊದಲ ಸಲ ಹೊಳೆಯಿತು, ಪೆನ್ಸಿಲ್ಲಿನೊಳಗೆ ಇದ್ದದ್ದು ಬುದ್ಧನ ಮುಂದೆ ಕರಗುವ ಅದೇ ಪದಾರ್ಥ ಎಂದು. ವಿಜ್ಞಾನಿಗಳು ಇಂಥ ಗಳಿಗೆಯಲ್ಲಿ ಕೂಗುತ್ತಾರಂತೆ. ನಾನೂ ಕೂಗಿದೆ, ಬೆರಳು ಸುಟ್ಟಿತ್ತು.

ಅಂಗಳದಿಂದ ಅವ್ವ, ಹಿತ್ತಲಿಂದ ಅಕ್ಕ, ಬೀದಿಯಿಂದ ಅಪ್ಪ, ಮೂರು ದಿಕ್ಕಿನಿಂದ ಮೂರು ಸೈನ್ಯ ಬಂದವು. ಅವ್ವನ ಕಣ್ಣು ಮೊದಲು ಬಿದ್ದದ್ದು ಹಂಚಿನ ಮೇಲೆ. ಆ ಹಂಚು ಅವಳ ಮದುವೆಯಲ್ಲಿ ತವರಿನಿಂದ ಬಂದದ್ದು. ಅವಳ ಕೈ ಹತ್ತಿರದ ಲಟ್ಟಣಿಗೆಗೆ ಹೋಯಿತು.

“ಯಾಕ ಸುಟ್ಟಿ? ಹೇಳು! ಯಾಕ ಸುಟ್ಟೀಲೇ ಮೂಳಾ?”

“ಕಡಕ್ ಮಾಡಾಕ!”

“ಪೆನ್ಸಿಲ್ ಯಾಕ ಕಡಕ್ ಆಗಬೇಕಲೇ? ತಿಂತೀಯೇನ ಅದನ್ನ, ಶೇಂಗಾ ಚಟ್ನಿ ಹಚಕೊಂಡು?”

“ಅಕ್ಕನ ಮೈಬಣ್ಣ ಮುರ್ಯಾಕತ್ತಿತ್ತು! ಅದನ್ನ ಹಚ್ಚಲಿಲ್ಲಂದ್ರ ಸರ್ ಚಿತ್ರ ಕಳಸೂದಿಲ್ಲಂತ! ನಿನ್ನ ಬಣ್ಣ ತಪ್ಪು ಅಂತ ಬರದಾರ!”

ಲಟ್ಟಣಿಗೆ ಗಾಳಿಯಲ್ಲೇ ನಿಂತಿತು. ಬಾಯಿಬಡುಕನಾದ್ದರಿಂದ ನಾನು ಹೊಡೆತ ತಿಂದದ್ದು ಲೆಕ್ಕವಿಲ್ಲ, ಹೊಡೆತದಿಂದ ಪಾರಾದದ್ದು ಅದೊಂದೇ ಸಲ. ಅವ್ವ ಅಕ್ಕನ ಕಡೆ ತಿರುಗಿ, ತೋರಿಸು ಅಂದಳು. ಅಕ್ಕ ಚಾಪೆಯ ಕೆಳಗಿನ ಹಳೆಯ ಚಿತ್ರ ತಂದು ಕೊಟ್ಟಳು. ಅವ್ವ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತನ್ನ ಮುಖ, ಅದರ ಸುತ್ತ ಕೆಂಪು ದುಂಡು. ಅಪ್ಪನೂ ಹಿಂದಿನಿಂದ ಬಗ್ಗಿ ನೋಡಿದ. ನೋಡಿ, ಮುಂದಿನ ಕೋಣೆಗೆ ಹೋಗಿ, ಅಂಗಿಯ ಜೇಬಿನಿಂದ ಆ ಕೆಂಪು-ನೀಲಿ ಪೆನ್ಸಿಲ್ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಹೋದ. ಏನು ಮಾಡಿದನೋ ಗೊತ್ತಿಲ್ಲ, ಮಾರನೆಯ ದಿನದಿಂದ ಅವನ ಜೇಬಿನಲ್ಲಿ ಪೆನ್ನಿತ್ತು.

“ನಾ ಹೆಂಗ ಅದೇನಿ ಹಂಗ ಬರಿ. ನಾಳೆ ನಾ ಬರ್ತೇನಿ ಸಾಲಿಗೆ.” ಅವ್ವ ಅಂದದ್ದು ಇಷ್ಟೇ.

ಬರೆಯಲು ಏನಿತ್ತು? ಪೆನ್ಸಿಲ್ಲುಗಳೆಲ್ಲ ಒಳಗೆ ಟೊಳ್ಳಾಗಿ, ಸುಟ್ಟ ಬಿದಿರಿನ ತುಂಡುಗಳಂತೆ ಬಿದ್ದಿದ್ದವು. ಅಕ್ಕ ಹಂಚಿನ ನಡುವಿನ ಆ ಕೆರೆ ಆರುವವರೆಗೆ ಕಾದು, ಚಮಚದಿಂದ ಕೆರೆದು, ಅಂಗೈಯಲ್ಲಿ ಹೊಸೆದು ಒಂದು ಮೋಟು ಕಡ್ಡಿ ಮಾಡಿದಳು. ಇಪ್ಪತ್ನಾಲ್ಕೂ ಕೂಡಿ ಕಂದಾಗಿತ್ತು. ಅದು ಅಚ್ಚು ಅವ್ವನ ಬಣ್ಣವೇ ಆಗಿತ್ತು ಎಂದು ಹೇಳಿ ಈ ಕತೆಯನ್ನು ಚಂದ ಮಾಡುವ ಆಸೆ ನನಗಿದೆ, ಆದರೆ ಅದರಲ್ಲಿ ಸ್ವಲ್ಪ ಹಸಿರು ಹಣಕುತ್ತಿತ್ತು. ಕಂದು ಪೆನ್ಸಿಲ್ಲಿನ ಬುಡದಲ್ಲಿ ಕರಗದೆ ಬದುಕಿ ಉಳಿದಿದ್ದ ಚೂರನ್ನು ಅದರಲ್ಲಿ ನಾದಿ ಹಸಿರನ್ನು ಅಡಗಿಸಿದಳು. ಸಂಜೆಗೆ ಚಿತ್ರ ಮುಗಿಯಿತು. ಹಂಚನ್ನು ಆಯಿ ಬೂದಿ, ಇಟ್ಟಂಗಿ ಪುಡಿ, ಬೈಗುಳ ಮೂರನ್ನೂ ಹಾಕಿ ತಿಕ್ಕಿದಳು. ಆದರೂ ಮುಂದಿನ ಭಾನುವಾರದ ಮೊದಲ ರೊಟ್ಟಿಯಲ್ಲಿ ಒಂದು ನೇರಳೆ ಸೂರ್ಯ ಮೂಡಿತ್ತು. ಅದನ್ನು ನನ್ನ ತಟ್ಟೆಗೇ ಹಾಕಿದರು.

ಸೋಮವಾರ ಅವ್ವ ಡ್ಯೂಟಿಯ ಬಿಳಿ ಸೀರೆಯಲ್ಲೇ ನಮ್ಮ ಜತೆ ಶಾಲೆಗೆ ನಡೆದಳು. ನಾನು ಮುಂದೆ ಕಲ್ಲು ಒದೆಯುತ್ತ, ಅವರಿಬ್ಬರು ಹಿಂದೆ. ಡ್ರಾಯಿಂಗ್ ಸರ್ ಕೆಟ್ಟವರಲ್ಲ, ಎಂದೂ ಯಾರಿಗೂ ಹೊಡೆದವರಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಎಷ್ಟು ಅನುಕೂಲವಾಗುತ್ತಿತ್ತು! ಅವ್ವ ಹೊಸ ಚಿತ್ರ ಮೇಜಿನ ಮೇಲಿಟ್ಟು, ಅದರ ಪಕ್ಕ ಅರ್ಧ ಸುಟ್ಟ ಮೈಬಣ್ಣದ ಪೆನ್ಸಿಲ್ ಇಟ್ಟು, ಅದರ ಪಕ್ಕ ತನ್ನ ಮುಂಗೈ ಇಟ್ಟಳು.

“ಸರ್, ಇದು ಯಾರ ಮೈರಿ?”

“ಅಲ್ರೀ ಸಿಸ್ಟರ್, ಅದರ ಹೆಸರ ಹಂಗದ. ನಾ ಇಟ್ಟ ಹೆಸರಲ್ರಿ. ಎಲ್ಲಾರೂ ಅದನ್ನ ಹಚ್ಚತಾರ, ನೋಡೋರಿಗೆ ಛಂದ ಕಾಣ್ತದ.”

“ನಾ ದಿನಾ ನೂರು ಮಂದಿ ಕೈ ಹಿಡದು ಸೂಜಿ ಚುಚ್ಚತೇನ್ರಿ. ಕರೀದು, ಕಂದು, ಗೋದಿಬಣ್ಣ, ಎಣ್ಣಿಗೆಂಪು, ಎಲ್ಲಾ ಕಂಡೇನಿ. ಈ ಬಣ್ಣದ ಕೈ ಒಂದೂ ಬಂದಿಲ್ರಿ. ಬಂದ್ರ ಮೊದ್ಲ ಡಾಕ್ಟರಿಗೆ ತೋರಸ್ತೇನಿ. ನಿಮ್ಮ ಕೈ ಇಡ್ರಿ ಇಲ್ಲೆ.”

ಸರ್ ನಕ್ಕರು. ಅವ್ವ ನಗಲಿಲ್ಲ. ಸರ್ ಬೆರಳಿಗೆ ಮೆತ್ತಿದ್ದ ಸೀಮೆಸುಣ್ಣ ಒರೆಸಿಕೊಂಡು ಕೈ ಇಟ್ಟರು. ಸುಣ್ಣ ಹೋದ ಮೇಲೆ ಅದು ಅವ್ವನ ಕೈಗಿಂತ ಒಂದು ಹಿಡಿ ಹೆಚ್ಚೇ ಕಪ್ಪಿತ್ತು. ಅವರು ಅದನ್ನು ಲಗೂನೆ ತೆಗೆಯಲಿಲ್ಲ, ಈ ಮಾತನ್ನು ಅವರ ಪರವಾಗಿ ಹೇಳಬೇಕು. ಆಮೇಲೆ ಚಿತ್ರ ಎತ್ತಿ ನೋಡಿ, ಅವ್ವನ ಎಡಗಲ್ಲದ ಮೇಲೆ ಬೆರಳಿಟ್ಟರು. ಅಲ್ಲಿ ಕಂದಿನ ನಡುವೆ ಒಂದು ತಿಳಿಯಾದ ಜಾಗವಿತ್ತು.

“ಇಲ್ಲಿ ಯಾಕ ಬೆಳ್ಳಗ ಆಗೇದ?”

“ಬೆಳಕ್ರಿ ಸರ್,” ಅಂದಳು ಅಕ್ಕ. “ಕಿಡಿಕ್ಯಾಗಿಂದು.”

“ಶಾಭಾಸ್! ಭಾಳ ಛಲೋ ಬಂದದ ಬೆಳಕು,” ಅಂದರು ಸರ್. ಚಿತ್ರ ಕಳಿಸಿದರು.

ಬಹುಮಾನ ಬರಲಿಲ್ಲ. ಗೆದ್ದ ಚಿತ್ರದಲ್ಲಿ ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಮುಂದೆ ಒಂದು ಇಲಿಮರಿ ಕುಟುಂಬ ಕೈ ಬೀಸುತ್ತ ನಿಂತಿತ್ತು. ಧಾರವಾಡದಲ್ಲಿ ಯಾರ ಮನೆಯ ಹಿಂದೆ ತ್ರಿಕೋನ ಗುಡ್ಡಗಳಿವೆಯೋ ನಾನು ಇನ್ನೂ ಹುಡುಕುತ್ತಿದ್ದೇನೆ. ಅಕ್ಕನ ಚಿತ್ರ ಮೂಲೆ ಮಡಚಿಕೊಂಡು, ಮೇಲೊಂದು ಚಹಾ ಕಪ್ಪಿನ ಉಂಗುರ ಹಾಕಿಕೊಂಡು ವಾಪಸ್ ಬಂತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಬುದ್ಧನ ಪಕ್ಕ ತೂಗುಹಾಕಿದ, ಇಂದಿಗೂ ಅಲ್ಲೇ ಇದೆ. ಬಂದವರಿಗೆಲ್ಲ ಆ ಎಡಗಲ್ಲ ತೋರಿಸಿ, ನೋಡ್ರಿ, ಎಂಟನೇ ಇಯತ್ತೆ ಹುಡುಗಿ ಬೆಳಕನ್ನು ಹೇಗೆ ಹಿಡಿದಿದ್ದಾಳೆ, ಅದಕ್ಕೆ ಬಣ್ಣ ತಯಾರಿಸಿಕೊಟ್ಟವನು ನಾನೇ, ಎಂದು ಜಂಬ ಕೊಚ್ಚುವುದು ನನ್ನ ಕೆಲಸ.

ಮೊನ್ನೆ ವಿದ್ಯಾನಗರದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. “ಮಾಮಾ, ಆ ಸ್ಕಿನ್ ಕಲರ್ ಕೊಡು,” ಅಂದಳು. ನೋಡಿದರೆ ಅದೇ ಇಲಿಮರಿ. ಇಷ್ಟು ವರ್ಷವಾದರೂ ಕಣ್ಣು ಬಿಟ್ಟಿಲ್ಲ! ನನಗೆ ನೆತ್ತಿಗೇರಿತು. ಮೇಣದಿಂದ ಶುರುಮಾಡಿ ಮಣ್ಣಿನವರೆಗೆ, ಹೆಸರಿಟ್ಟವರಿಂದ ಶುರುಮಾಡಿ ಮಾರುವವರವರೆಗೆ ಒಬ್ಬರನ್ನೂ ಬಿಡದೆ ಅರ್ಧ ತಾಸು ಬೈದೆ. ಕೊನೆಗೆ, ನಿಮ್ಮ ಅವ್ವ ಅಂಜಿದಳೇನು? ಒಂದು ಗೆರೆ ಆ ಬಣ್ಣ ಹಚ್ಚಿದಳೇನು? ಬೆಳಕು ಹಚ್ಚಿದಳು, ಬೆಳಕು! ಎಂದು ಹುಡುಗಿಯ ಮುಂದೆ ಕೈ ಕುಣಿಸಿದೆ. ಅಕ್ಕ ಚಹಾ ಸೋಸುವುದನ್ನು ನಿಲ್ಲಿಸಿದಳು.

“ಆನಂದ್ಯಾ, ನೀ ಮಾಸ್ತರ ಅದಿಯಲ್ಲ, ಒಂದ ಹೇಳು. ಮ್ಯಾಣ ಹಚ್ಚಿದ್ದರ ಮ್ಯಾಲ ಮತ್ತ ಮ್ಯಾಣ ಹಚ್ಚಿದ್ರ ಹತ್ತತೈತೇನು?”

ಹತ್ತುವುದಿಲ್ಲ. ಜಾರುತ್ತದೆ. ಕೆಳಗಿನ ಬಣ್ಣ ಇಣುಕುತ್ತದೆ. ಇದನ್ನು ನಾನು ವರ್ಷಕ್ಕೆ ನಾಲ್ಕು ಬ್ಯಾಚಿಗೆ ಪಾಠ ಮಾಡುತ್ತೇನೆ.

“ಕಡ್ಡಿ ಮುರದಿದ್ದಕ್ಕ ಅತ್ತಿದ್ದಿಲ್ಲೋ ನಾ ಅವತ್ತ,” ಅಂದಳು ಅಕ್ಕ. “ಅವ್ವನ ಒಂದ ಗಲ್ಲಕ್ಕ ಆ ಮೈಬಣ್ಣ ಹಚ್ಚಿ ಮುಗಿಸಿದ್ದೆ. ಇನ್ನೊಂದ ಗಲ್ಲಕ್ಕ ಕೈ ಏಳವಲ್ಲದಾಗಿತ್ತು. ಅಷ್ಟರಾಗ ನಿನ್ನ ಹೊಗಿ ಬಂತು.”

“ಅವ್ವಗ ಗೊತ್ತಿತ್ತೇನು?”

“ನೀ ಮುಂದ ಕಲ್ಲ ಒದಕೋತ ಹೊಂಟಿದ್ದಿ. ಅವ್ವ ನನ್ನ ಕೈ ಹಿಡದು ಅಂದ್ಳು: ‘ಒಂದ ಗಲ್ಲಕ್ಕ ಅಂಜೀದಿ, ಒಂದ ಗಲ್ಲಕ್ಕ ಅಂಜಿಲ್ಲ. ಇರ್ಲಿ ಬಿಡು. ಸರ್ ಕೇಳಿದ್ರ ಬೆಳಕ್ರಿ ಅನ್ನು.’”